ವಸಾಹತೋ ನೆಲೆಯೋ: ಬಾಹ್ಯಾಕಾಶವಾಸದ ಕಲ್ಪನೆಗಳ ಮರುಓದು

ಬಾಹ್ಯಾಕಾಶದಲ್ಲಿ ಮನುಷ್ಯರು ವಾಸಿಸಬಲ್ಲ ನಿಲ್ದಾಣಗಳನ್ನು ಕುರಿತ ಯೋಜನೆಗಳನ್ನು ತಾಂತ್ರಿಕ ದಾಖಲೆಗಳೆಂದಷ್ಟೇ ಓದುವ ರೂಢಿಯಿದೆ. ಅವು ಸಮಾಜವನ್ನು ಕುರಿತ ಕಲ್ಪನೆಗಳೂ ಆಗಿವೆ ಎಂಬ ನೆಲೆಯಿಂದ ನಾವಿಲ್ಲಿ ಅವುಗಳನ್ನು ಪರಿಶೀಲಿಸುತ್ತೇವೆ.

ಬ್ರಿಟನ್ನಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರು 1929ರಲ್ಲಿಯೇ ಸುಮಾರು 16 ಕಿ.ಮೀ. ವ್ಯಾಸದ ಟೊಳ್ಳು ಗೋಳವೊಂದನ್ನು ಕಲ್ಪಿಸಿ, ಅದರಲ್ಲಿ 20ರಿಂದ 30 ಸಾವಿರ ಜನರ ವಾಸವನ್ನು ಊಹಿಸಿದ್ದರು. ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1974ರ ಲೇಖನದಲ್ಲಿ ಬೃಹತ್ ಜೋಡಿ ಸಿಲಿಂಡರುಗಳನ್ನು ಸೂಚಿಸಿದರು. 1975ರ ನಾಸಾ ಅಧ್ಯಯನವು 10,000 ಜನರಿಗಾಗಿ 1.8 ಕಿ.ಮೀ. ವ್ಯಾಸದ ಚಕ್ರಾಕಾರದ ಊರನ್ನು ರೂಪಿಸಿತು. ನಿಮಿಷಕ್ಕೊಮ್ಮೆ ತಿರುಗುತ್ತ ಅದು ಭೂಮಿಯ ಗುರುತ್ವವನ್ನು ಅನುಕರಿಸಬೇಕಿತ್ತು. ಇದಕ್ಕಾಗಿ ಸಿದ್ಧಗೊಂಡ ಒಳನೋಟದ ಚಿತ್ರಗಳಲ್ಲಿ ಹಸಿರು, ನೀರು, ಅಚ್ಚುಕಟ್ಟಾದ ಮನೆಗಳಿವೆ. ಆಕಾರ ಅಪೂರ್ವವಾದರೂ ಬದುಕಿನ ಕಲ್ಪನೆ ಅಮೆರಿಕದ ಅನುಕೂಲಸ್ಥ ಬಡಾವಣೆಯದೇ ಎಂಬುದು ನಮ್ಮ ಆಕ್ಷೇಪ. ಆ ಬದುಕನ್ನು ದಿನವೂ ಕಾಯ್ದುಕೊಳ್ಳುವ ದುಡಿಮೆ ಅಲ್ಲಿ ಗೌಣವಾಗಿದೆ.

ಇದಕ್ಕೆ ಹೋಲಿಸಿದರೆ ಸ್ಕೈಲ್ಯಾಬಿನ ಹಿಂದಿದ್ದ ವಿಚಾರವೇ ಹೆಚ್ಚು ರೂಢಿಭಂಜಕ. ರಾಕೆಟ್ಟಿನ ಇಂಧನವನ್ನು ಉರಿಸಿದ ಮೇಲೆ ಬರಿದಾದ ತೊಟ್ಟಿಯನ್ನೇ ಮನೆಯಾಗಿಸಿಕೊಳ್ಳುವುದು ಮೂಲ ಆಲೋಚನೆ. 1969ರಲ್ಲಿ ಇದನ್ನು ಕೈಬಿಟ್ಟು, ತೊಟ್ಟಿಯನ್ನು ಭೂಮಿಯಲ್ಲಿಯೇ ಸಜ್ಜುಗೊಳಿಸಲಾಯಿತು. ಹೈಡ್ರೋಜನ್ ತೊಟ್ಟಿ ವಾಸದ ಮನೆಯಾಯಿತು. ಆಮ್ಲಜನಕದ ತೊಟ್ಟಿ ಕಸದ ಕೋಣೆಯಾಯಿತು. 1973ರ ಉಡಾವಣೆಯಲ್ಲಿ ರಕ್ಷಾಕವಚ ಕಿತ್ತುಹೋಗಿ ಒಳಗೆಲ್ಲ ಕಾವೇರಿದಾಗ, ಮೊದಲ ತಂಡದ ಯಾತ್ರಿಗಳು ಕೊಡೆಯಂಥ ಹೊದಿಕೆಯನ್ನು ಬಿಡಿಸಿ ಅದನ್ನು ವಾಸಯೋಗ್ಯಗೊಳಿಸಿದರು. ವಾಸಿಸುವವರ ದುಡಿಮೆಯಿಂದಲೇ ಅದು ಮನೆಯಾಯಿತೆಂಬುದು ಇಲ್ಲಿ ಗಮನಾರ್ಹ.

ಈ ಭೇದವನ್ನು ಕನ್ನಡದಲ್ಲಿ ಹೇಗೆ ಹಿಡಿದಿಡಬೇಕು? ಓನೀಲ್ ಅವರ ಲೇಖನದ ಶೀರ್ಷಿಕೆಯಲ್ಲಿ 'ಕಾಲೊನೈಸೇಶನ್' ಇದ್ದರೆ, ನಾಸಾ ಅಧ್ಯಯನವು 1977ರಲ್ಲಿ ಗ್ರಂಥವಾಗುವಾಗ 'ಸೆಟ್ಲ್‌ಮೆಂಟ್' ಎಂಬ ಹೆಸರನ್ನು ತಳೆಯಿತು. ನಮ್ಮ 'ವಸಾಹತು' ಎರಡನ್ನೂ ಒಳಗೊಳ್ಳುತ್ತದೆ: 'ಕೈಗಾರಿಕಾ ವಸಾಹತು' ಎಂಬಲ್ಲಿ ಅದು ನಿರುಪದ್ರವಿ, 'ವಸಾಹತುಶಾಹಿ' ಎಂಬಲ್ಲಿ ಅಧೀನತೆಯ ನೆನಪು. ಆದ್ದರಿಂದ ಹೊರಗಿನಿಂದ ಯೋಜಿಸಿ ಆಕ್ರಮಿಸುವ ಕಲ್ಪನೆಗೆ 'ವಸಾಹತು', ಇದ್ದುದನ್ನು ಒಗ್ಗಿಸಿಕೊಂಡು ಬದುಕುವುದಕ್ಕೆ 'ನೆಲೆ' ಎಂದು ಪ್ರತ್ಯೇಕವಾಗಿ ಬಳಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಹೊರನಾಡುಗಳಲ್ಲಿ ನೆಲೆ ಕಂಡುಕೊಂಡ ಕನ್ನಡಿಗರ ಬದುಕನ್ನು ಅಭ್ಯಸಿಸುವವರಿಗೆ ಈ ಭೇದ ಅಪರಿಚಿತವಾಗಿರಲಾರದು.