ತಿದ್ದುವವರ ಸಿಲಬಸ್ಸು

ಅಮೆರಿಕದ ಕಮ್ಯೂನಿಟಿ ಕಾಲೇಜುಗಳ ಕೋರ್ಸ್ ಪಟ್ಟಿ ನೋಡಿ. ನರ್ಸಿಂಗ್, ವೆಲ್ಡಿಂಗ್, ಅಕೌಂಟಿಂಗ್ ಜೊತೆಗೇ ‘ಕ್ರಿಮಿನಲ್ ಜಸ್ಟಿಸ್’ ಅಂತಲೂ ಒಂದು ಇರುತ್ತೆ. ಎರಡು ವರ್ಷ, ಸುಮಾರು 60 ಕ್ರೆಡಿಟ್. ಅದರೊಳಗೊಂದು ಪೇಪರ್ರು ‘ಕರೆಕ್ಷನ್ಸ್’. ಓದೋದು ಜೈಲಿನ ಬಗ್ಗೆಯೇ, ಹೆಸರಿನಲ್ಲಿ ಮಾತ್ರ ಜೈಲಿಲ್ಲ. ಅಲ್ಲಿನ ಜೈಲು ಅಧಿಕಾರಿಗಳ ಸಂಘ 1954ರಲ್ಲೇ ‘ಪ್ರಿಸನ್’ ಕಿತ್ತು ‘ಕರೆಕ್ಷನಲ್’ ಅಂತ ಬೋರ್ಡು ಬದಲಿಸಿಕೊಂಡಿತ್ತು. ನಾವೇನು ಕಮ್ಮಿ? ನಮ್ಮದೂ ‘ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ’ಯೇ.

ಈ ಹೆಸರಿಗೂ ಆ ಕೆಲಸಕ್ಕೂ ಎಷ್ಟು ದೂರ ಅಂತ ತಿಳೀಬೇಕಾದರೆ ಟೆಡ್ ಕಾನೊವರ್ ಅವರ ‘ನ್ಯೂಜ್ಯಾಕ್’ (2000) ಓದಬೇಕು. ಕಾನೊವರ್ ಪತ್ರಕರ್ತ. ನ್ಯೂಯಾರ್ಕ್ ರಾಜ್ಯದ ಜೈಲು ಕಾವಲುಗಾರರ ತರಬೇತಿ ಬಗ್ಗೆ ಬರೀತೀನಿ ಅಂದಾಗ ಇಲಾಖೆ ಒಪ್ಪಲಿಲ್ಲ. ಆಸಾಮಿ ಆ ಕೆಲಸಕ್ಕೇ ಅರ್ಜಿ ಹಾಕಿದ! ಏಳು ವಾರ ಆಲ್ಬನಿಯಲ್ಲಿ ತರಬೇತಿ, ಆಮೇಲೆ ಹಡ್ಸನ್ ನದಿ ದಂಡೆಯ ಸಿಂಗ್ ಸಿಂಗ್ ಜೈಲಿನಲ್ಲಿ ಡ್ಯೂಟಿ. ಹೊಸ ಕಾವಲುಗಾರನಿಗೆ ಅಲ್ಲಿನ ಅಡ್ಡಹೆಸರು ‘ನ್ಯೂಜ್ಯಾಕ್’.

ಪುಸ್ತಕದ ಜೀವ ಇರೋದು ಸಾಹಸದಲ್ಲಲ್ಲ, ಬೀಗದ ಕೈ ಗೊಂಚಲಲ್ಲಿ. ತಲೆ ಎಣಿಸೋದು, ಯಾರನ್ನ ಸ್ನಾನಕ್ಕೆ ಬಿಡೋದು, ಯಾವ ತಪ್ಪನ್ನ ಕಂಡೂ ಕಾಣದ ಹಾಗಿರೋದು. ಎಲ್ಲಾ ರೂಲ್ಸ್ ಪ್ರಕಾರ ಅಂತ ಹೊರಟರೆ ದಿನವೇ ಸಾಗಲ್ಲ, ಬಿಟ್ಟುಕೊಟ್ಟರೆ ತಲೆ ಮೇಲೆ ಕೂರ್ತಾರೆ. ಪ್ರತೀಕಾರ, ತಡೆ, ಸಮಾಜದ ರಕ್ಷಣೆ, ಸುಧಾರಣೆ ಅಂತ ಶಿಕ್ಷೆಯ ಉದ್ದೇಶಗಳನ್ನ ಪಠ್ಯಪುಸ್ತಕ ಉರು ಹೊಡೆಸುತ್ತೆ. ಸೆಲ್ ಸಾಲಿನಲ್ಲಿ ಒಂದು ಶಿಫ್ಟ್ ಮುಗಿಸೋಕೆ ಅದರಲ್ಲಿ ಯಾವುದೂ ಕೆಲಸಕ್ಕೆ ಬರಲ್ಲ. ಅಲ್ಲಿನ ರೋಷ ಮನೆಗೂ ಬರುತ್ತೆ. ಮಕ್ಕಳ ಮೇಲೆ ರೇಗಿದ್ದನ್ನ ಕಾನೊವರ್ ಮುಚ್ಚಿಟ್ಟಿಲ್ಲ.

ನನ್ನನ್ನ ನಿಲ್ಲಿಸಿದ್ದು ಒಬ್ಬ ಕೈದಿಯ ಮಾತು. ಮುಂದೆ ಕಟ್ಟೋ ಜೈಲಿಗೆ ಈಗಲೇ ದುಡ್ಡು ಎತ್ತಿಡ್ತಾರೆ ಅಂದರೆ, ಇವತ್ತು ನಾಲ್ಕೈದು ವರ್ಷದ ಮಗುವಿಗೆ ಅಲ್ಲಿ ಜಾಗ ಕಾದಿರಿಸಿದ ಹಾಗೆ, ಅನ್ನೋ ಅರ್ಥದಲ್ಲಿ ಆತ ವಾದಿಸ್ತಾನೆ. ಕಾನೊವರ್ ಹತ್ತಿರ ಅದಕ್ಕೆ ಉತ್ತರ ಇಲ್ಲ. ಇಲ್ಲದ್ದನ್ನ ಇದೆ ಅಂತ ತೋರಿಸಿಕೊಳ್ಳದೆ ಇರೋದೇ ಪುಸ್ತಕದ ದೊಡ್ಡ ಗುಣ.

ಆದರೂ ನನ್ನದೊಂದು ತಕರಾರಿದೆ. ಕಾನೊವರ್ ಆಮ್‌ಹರ್ಸ್ಟ್‌ನಂಥ ದೊಡ್ಡ ಕಾಲೇಜಲ್ಲಿ ಓದಿದವರು, ಬೇಕಾದಾಗ ಯೂನಿಫಾರ್ಮ್ ಬಿಚ್ಚಿಟ್ಟು ಬರಬಹುದಿತ್ತು. ರಾಜ್ಯದ ಉತ್ತರದ ಸಣ್ಣ ಊರುಗಳಿಂದ ಬಂದು, ಮನೆ ಹತ್ತಿರದ ಜೈಲಿಗೆ ವರ್ಗ ಸಿಗಲಿ ಅಂತ ದಿನ ಎಣಿಸೋ ಸಹೋದ್ಯೋಗಿಗಳು ಪುಸ್ತಕದಲ್ಲಿ ಬಂದು ಹೋಗ್ತಾರೆ, ಅಷ್ಟೇ. ಎರಡು ವರ್ಷದ ಡಿಗ್ರಿಗೆ ಕೂರೋರು ಅಂಥವರ ಥರದ ಹುಡುಗ ಹುಡುಗೀರೇ. ಅವರಿಗೆ ಇದು ಒಂದು ವರ್ಷದ ಅನುಭವ ಅಲ್ಲ, ಪಿಂಚಣಿವರೆಗಿನ ಬದುಕು. ಅವರ ಜೊತೆ ಇನ್ನೊಂದು ನೂರು ಪುಟ ಕೂತಿದ್ದರೆ ಅನ್ನಿಸಿತು.

ಇನ್ನೊಂದು ವಿಷಯ. ಬಡ ವಿದ್ಯಾರ್ಥಿಗಳು ಕಮ್ಯೂನಿಟಿ ಕಾಲೇಜಿಗೆ ಹೋಗೋದು ಬಹುಪಾಲು ‘ಪೆಲ್ ಗ್ರಾಂಟ್’ ನಂಬಿ. 1994ರ ಕಾನೂನು ಕೈದಿಗಳಿಗೆ ಅದನ್ನ ನಿಲ್ಲಿಸಿತು. ಪೂರ್ತಿಯಾಗಿ ವಾಪಸ್ ಬಂದದ್ದು 2023ರ ಜುಲೈನಲ್ಲಿ. ಕಾನೊವರ್ ಡ್ಯೂಟಿ ಮಾಡಿದ್ದು ಈ ನಡುವಿನ ಕಾಲದಲ್ಲೇ. ಅಂದರೆ ‘ಕರೆಕ್ಷನ್ಸ್’ ಓದೋಕೆ ಸರ್ಕಾರ ದುಡ್ಡು ಕೊಡ್ತಿತ್ತು, ಕರೆಕ್ಟ್ ಆಗಬೇಕಾದವನಿಗೆ ಓದೋಕೆ ಕೊಡ್ತಿರಲಿಲ್ಲ.

ಈ ಪುಸ್ತಕವೂ ನ್ಯೂಯಾರ್ಕಿನ ಜೈಲುಗಳಲ್ಲಿ ಮೊದಲು ನಿಷಿದ್ಧವಾಗಿತ್ತು. ಆಮೇಲೆ ಬಿಟ್ಟರು, ಭದ್ರತೆಯ ಹೆಸರಲ್ಲಿ ಕೆಲವು ಪುಟ ಹರಿದು.