ಈಡು ಒಂದು, ಹುಲಿ ಎರಡು, ಸೀಸ ಎಲ್ಲಿ?

ಕೆದಂಬಾಡಿ ಜತ್ತಪ್ಪ ರೈಗಳ ಎರಡು ಪುಸ್ತಕಗಳ ಹೆಸರು ನೋಡಿ: ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’. ಎರಡನೆಯದಂತೂ ಹೆಸರಲ್ಲೇ ಲೆಕ್ಕ ಒಪ್ಪಿಸಿಬಿಡುತ್ತದೆ. ಆದರೆ ಆ ಈಡಿನೊಳಗೆ ಏನಿರುತ್ತೆ, ಅದು ಎಲ್ಲಿಂದ ಬರುತ್ತೆ ಅನ್ನೋದರ ಹತ್ತಿರ ನಮ್ಮ ಬೇಟೆ ಬರವಣಿಗೆ ಹೆಚ್ಚು ಹೊತ್ತು ನಿಲ್ಲೋದಿಲ್ಲ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನೇ ತಗೊಳ್ಳಿ. ಆಂಡರ್ಸನ್ನರ .405 ವಿಂಚೆಸ್ಟರ್ ರೈಫಲ್ಲು ಅವರ ಓದುಗರಿಗೆ ನೆಂಟರಷ್ಟು ಪರಿಚಿತ. ಅಂಥ ರೈಫಲ್ಲಿಗೆ ಕಂಪನಿ ತೋಟಾ ಇರುತ್ತೆ, ಅದರ ಬಗ್ಗೆ ಮಾತಾಡದಿದ್ದರೂ ನಡೆದೀತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಕೇಪಿನ ಕೋವಿಗೆ ಆ ಅನುಕೂಲ ಇಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ನಾರು ತುರುಕಿ, ಗುಂಡೋ ಚರೆಯೋ ಹಾಕಿ ಗಜದಲ್ಲಿ ಜಡಿಯಬೇಕು. ಅಂದರೆ ಒಂದೊಂದು ಈಡೂ ಕೈಯಲ್ಲೇ ಕಟ್ಟಿದ್ದು. ನಮ್ಮೂರಿಗೆ ಹಿಂದೆ ಸೀಸ ಬರ್ತಿದ್ದದ್ದು ಘಟ್ಟದ ಕೆಳಗಿಂದ. ಮೀನುಬಲೆಗೆ ಕಟ್ಟುವ ಸೀಸದ ಮಣಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರೋದು. ಉಗುರಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮೆತ್ತಗಿದ್ದರೆ ಒಳ್ಳೇದು ಅಂತ ಲೆಕ್ಕ. ಹಳೇ ಬ್ಯಾಟರಿ ಒಡೆದು ತೆಗೆದದ್ದು ಬೇಡ. ಅದರಲ್ಲಿ ಆಂಟಿಮನಿ ಬೆರೆತಿರೋದರಿಂದ ಗಡಸು, ಜತೆಗೆ ಆಸಿಡ್ಡು, ಕರಗಿಸಿದರೆ ವಿಷದ ಹೊಗೆ. ಸೀಸ ಕರಗೋದು 327 ಡಿಗ್ರಿಗೆ, ಒಲೆಯ ಬೆಂಕಿ ಸಾಕು. ಇಷ್ಟು ಸುಲಭ ಅನ್ನೋದೇ ಇದರ ತೊಂದರೆ.

ಈ ತಿಳಿವಳಿಕೆಗೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಅಮೆರಿಕದಲ್ಲಿ. ಐಡಾಹೊ ರಾಜ್ಯದಲ್ಲಿ ದನ, ಕುದುರೆಗಳ ನಡುವೆ ಬಾಳಿದ ಎಲ್ಮರ್ ಕೀತ್ 1955ರಲ್ಲಿ ‘ಸಿಕ್ಸ್‌ಗನ್ಸ್’ ಅನ್ನೋ ಪುಸ್ತಕ ತಂದ. ವಿಷಯ ರಿವಾಲ್ವರು. ಆತನಿಗೆ ಸೀಸವೇ ಒಂದು ಪಾತ್ರ. ಮೆತ್ತನೆ ಸೀಸದ ಗುಂಡಿಗೆ ಹಿಂದಿನಿಂದ ಒತ್ತಡ ಬಿದ್ದಾಗ ಅದು ಅಗಲವಾಗಿ ನಳಿಗೆಗೆ ಸರಿಯಾಗಿ ಕೂರುತ್ತೆ. ಆದರೆ ವೇಗ ಹೆಚ್ಚಾದರೆ ಅದೇ ಮೆತ್ತಗಿನ ಸೀಸ ನಳಿಗೆಯೊಳಗೆ ಮೆತ್ತಿಕೊಳ್ಳುತ್ತೆ. ಅದಕ್ಕೇ ಕೀತ್ 16 ಪಾಲು ಸೀಸಕ್ಕೆ 1 ಪಾಲು ತವರ ಸೇರಿಸುತ್ತಿದ್ದ. ಅಲ್ಲಿ ಮನೆಯಲ್ಲೇ ತೋಟಾ ತುಂಬೋದು ಒಂದು ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ, ಹಾಗಾಗಿ ವೀಕೆಂಡ್ ಪ್ಲಾನ್ ಏನಾದ್ರೂ ಇದ್ದರೆ ಬಿಟ್ಟುಬಿಡಿ.

ಬರವಣಿಗೆ ಅಂತ ನೋಡಿದರೆ ಕೀತ್‌ಗಿಂತ ರೈಗಳು ನನಗೆ ಹತ್ತಿರ. ಕೀತ್‌ನದ್ದು ಮೆಕ್ಯಾನಿಕ್ಕಿನ ಗತ್ತು. ಪ್ರಾಣಿ ಅವನಿಗೆ ಟೆಸ್ಟ್ ಕೇಸು. ರೈಗಳಲ್ಲಿ ಕಾಡು ಇದೆ, ಭಯ ಇದೆ, ಜತೆಗಾರರ ಮಾತಿದೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಲೋಕ ‘ನೆನಪು’ ಮಾತ್ರ ಆಗಬಹುದಿತ್ತು, ಅದು ಸರಿಯೂ ಹೌದು. ನನ್ನ ತಕರಾರು ಬೇರೆ. ಈಡು ಹಾರಿದ ಕ್ಷಣದಿಂದ ಕಥೆ ಶುರು ಮಾಡಿದರೆ, ಅದಕ್ಕೆ ಮೊದಲು ಒಲೆ ಮುಂದೆ ಕೂತು ಸೀಸ ಕರಗಿಸಿದವನು ಬಿಟ್ಟುಹೋಗ್ತಾನೆ. ಪ್ರಾಣಿ ಬಿದ್ದಲ್ಲಿಗೆ ಕಥೆ ಮುಗಿಸಿದರೆ, ಅದನ್ನು ತಿಂದವನು ಬಿಟ್ಟುಹೋಗ್ತಾನೆ.

ನಮ್ಮ ಕಡೆ ಈ ಇಬ್ಬರೂ ಎಷ್ಟೋ ಸಲ ಒಬ್ಬನೇ. ಲೈಸೆನ್ಸು ತೋಟದ ಹೆಗಡೇರ ಹೆಸರಲ್ಲಿ. ರಾತ್ರಿ ಗದ್ದೆ ಮಾಳದಲ್ಲಿ ಕೂರೋದು ಕೆಲಸಕ್ಕೆ ಬರುವ ಗೌಡನೋ ನಾಯ್ಕನೋ. ಹಂದಿ ಬಿದ್ದರೆ ಹೆಗಡೇರ ಮನೇಲಿ ಮಾಂಸ ಮುಟ್ಟೋದಿಲ್ಲ; ಅವರಿಗೆ ಬೆಳೆ ಉಳಿದರೆ ಸಾಕು. ಪಾಲು ಹೋಗೋದು ಕೇರಿಗೆ. ಎಲುಬಿಗೆ ಬಡಿದ ಮೆತ್ತನೆ ಸೀಸ ಚೂರಾಗಿ ಮಾಂಸದಲ್ಲಿ ಉಳಿಯಬಹುದು, ಕೆಲವು ಚೂರು ಕಣ್ಣಿಗೂ ಕಾಣೋದಿಲ್ಲ. ಸೀಸಕ್ಕೆ ಸುರಕ್ಷಿತ ಪ್ರಮಾಣ ಅಂತ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಮಿದುಳಿಗೆ ಹೆಚ್ಚು ಪೆಟ್ಟು. ಸತ್ತ ಪ್ರಾಣಿ ತಿಂದು ಕಾಂಡೋರ್ ಹದ್ದುಗಳು ಸಾಯ್ತಿವೆ ಅಂತ ಕ್ಯಾಲಿಫೋರ್ನಿಯಾ 2019ರ ಜುಲೈ ಹೊತ್ತಿಗೆ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿತು. ಹದ್ದಿನ ಹೊಟ್ಟೆಯ ಸೀಸ ಅಲ್ಲಿ ಕಾನೂನಾಯ್ತು. ಕೇರಿಯ ಮಕ್ಕಳ ಹೊಟ್ಟೆಯ ಸೀಸ ನಮ್ಮಲ್ಲಿ ಒಂದು ಅಧ್ಯಾಯವೂ ಆಗಲಿಲ್ಲ.

ನಮ್ಮ ಜಿಲ್ಲೆಯವರೇ ಆದ ಚಿತ್ತಾಲರ ‘ಶಿಕಾರಿ’ಯಲ್ಲಿ ಬೇಟೆ ನಡೆಯೋದು ಮುಂಬಯಿಯ ಕಂಪನಿಯೊಂದರಲ್ಲಿ, ಬಲಿಪಶು ಒಬ್ಬ ಅಧಿಕಾರಿ. ಆಫೀಸಿನ ನಮಗೆಲ್ಲ ಅದು ಚೆನ್ನಾಗಿ ಅರ್ಥ ಆಗುತ್ತೆ, ಯಾಕಂದ್ರೆ ಕಥೆಯನ್ನು ಪೆಟ್ಟು ತಿಂದವನ ಕಡೆಯಿಂದ ನೋಡಿದ್ದಾರೆ. ಕೋವಿಯ ಬೇಟೆಗೆ ಆ ಕಡೆಯ ಪುಸ್ತಕ ಇನ್ನೂ ಬರಬೇಕು. ಬರೆಯುವವರು ಕೋವಿ ಹೆಗಲಿಗೇರಿಸಿದವರೇ ಆಗಬೇಕೆಂದಿಲ್ಲ. ಬಲೆಯ ಮಣಿ ಕರಗಿಸಿದ ಆ ಹಂಚಿನಲ್ಲಿ ಆಮೇಲೆ ಏನು ಬೇಯಿಸಿದರು ಅಂತ ಗೊತ್ತಿರುವ ಹೆಂಗಸು ಬರೆದರೆ ನಾನಂತೂ ಮೊದಲ ದಿನವೇ ಕೊಳ್ತೀನಿ.