ಸದಾವರ್ತೆಯವರ ನಿದ್ದೆ

ಚೈತನ್ಯ ತಮ್ಹಾಣೆಯವರ ‘ಕೋರ್ಟ್’ ಸಿನಿಮಾದ ಮಾತು ಬಂದಾಗಲೆಲ್ಲ ಗೆಳೆಯರು ಮೊದಲು ಎತ್ತುವುದು ಅದರ ಕೊನೆಯ ದೃಶ್ಯವನ್ನು. ಬೇಸಿಗೆ ರಜೆಗೆ ನ್ಯಾಯಾಲಯ ಮುಚ್ಚಿದೆ. ಸೆಷನ್ಸ್ ನ್ಯಾಯಾಧೀಶ ಸದಾವರ್ತೆ ಬಂಧುಬಳಗದ ಜೊತೆ ರೆಸಾರ್ಟಿಗೆ ಹೋಗಿದ್ದಾರೆ. ಊಟವಾದ ಮೇಲೆ ಬೆಂಚಿನ ಮೇಲೆ ಕೂತಲ್ಲೇ ಅವರಿಗೆ ಜೊಂಪು ಹತ್ತುತ್ತದೆ. ಮಕ್ಕಳು ಸದ್ದಿಲ್ಲದೆ ಹತ್ತಿರ ಬಂದು ಒಟ್ಟಿಗೆ ಕಿರುಚಿ ಓಡುತ್ತಾರೆ. ಬೆಚ್ಚಿಬಿದ್ದು ಎದ್ದ ಸದಾವರ್ತೆ ಕೈಗೆ ಸಿಕ್ಕ ಹುಡುಗನಿಗೆ ಒಂದು ಬಾರಿಸಿ, ಮತ್ತೆ ಕಣ್ಣು ಮುಚ್ಚುತ್ತಾರೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ‘ನೋಡಿ, ಇಂಥವರ ಕೈಯಲ್ಲಿ ನಮ್ಮ ನ್ಯಾಯ’ ಎಂದು ಗೆಳೆಯರು ತೀರ್ಪು ಕೊಡುತ್ತಾರೆ. 2014ರಲ್ಲಿ ಬಂದು, ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಗೆದ್ದ ಈ ಮರಾಠಿ ಚಿತ್ರವನ್ನು ಮೊದಲ ಸಲ ನೋಡಿದಾಗ ನಾನೂ ಅದನ್ನೇ ಹೇಳಿದ್ದೆ. ಈಚೆಗೆ ಮತ್ತೆ ನೋಡಿದೆ. ಈ ಸಲ ನನ್ನನ್ನು ಕಾಡಿದ್ದು ಆ ಏಟಲ್ಲ. ಅದಕ್ಕೂ ಮೊದಲು, ಪೀಠದ ಮೇಲೆ ಕೂತು ಸದಾವರ್ತೆ ಮಾಡುವ ಕೆಲಸ.

ಕತೆ ಸಣ್ಣದು. ನಾರಾಯಣ ಕಾಂಬ್ಳೆ ಎಂಬ ಮುದುಕ ಲೋಕಶಾಹೀರನನ್ನು ಮುಂಬೈನಲ್ಲಿ ಪೊಲೀಸರು ವೇದಿಕೆಯ ಮೇಲಿಂದಲೇ ಹಿಡಿದೊಯ್ಯುತ್ತಾರೆ. ಮ್ಯಾನ್‌ಹೋಲ್ ಕಾರ್ಮಿಕರು ಸಾಯಬೇಕೆಂದು ಆತ ಹಾಡಿದ, ಅದನ್ನು ಕೇಳಿ ವಾಸುದೇವ ಪವಾರ್ ಎಂಬ ಕಾರ್ಮಿಕ ಆತ್ಮಹತ್ಯೆ ಮಾಡಿಕೊಂಡ ಎಂಬುದು ಆರೋಪ. ದಂಡ ಸಂಹಿತೆಯ 306ನೇ ಕಲಮು. ಸಾಬೀತಾದರೆ ಹತ್ತು ವರ್ಷದವರೆಗೆ ಜೈಲು. ಆರೋಪವೇ ಹಾಸ್ಯಾಸ್ಪದವಾದದ್ದು. ಆದರೆ ಹಾಗೆಂದು ಯಾರೂ ನಗುವುದಿಲ್ಲ, ಯಾರೂ ಮೇಜು ಕುಟ್ಟುವುದಿಲ್ಲ. ತಾರೀಕು ಬೀಳುತ್ತದೆ, ಮತ್ತೊಂದು ತಾರೀಕು ಬೀಳುತ್ತದೆ.

ನಮ್ಮ ಸಿನಿಮಾಗಳ ನ್ಯಾಯಾಧೀಶರನ್ನು ನೋಡಿ ಬೆಳೆದ ಕಣ್ಣಿಗೆ ಪ್ರದೀಪ್ ಜೋಶಿ ಆಡಿರುವ ಸದಾವರ್ತೆ ವಿಚಿತ್ರವಾಗಿ ಕಾಣುತ್ತಾರೆ. ನಮ್ಮವರದು ಎರಡೇ ಕೆಲಸ: ಸುತ್ತಿಗೆ ಬಡಿದು ‘ಆರ್ಡರ್ ಆರ್ಡರ್’ ಅನ್ನುವುದು, ಕೊನೆಗೆ ಕನ್ನಡಕ ಸರಿಮಾಡಿಕೊಂಡು ತೀರ್ಪು ಓದುವುದು. (ಆ ಸುತ್ತಿಗೆ ನಮ್ಮ ಕೋರ್ಟುಗಳಲ್ಲಿ ಇಲ್ಲವೇ ಇಲ್ಲ, ಹಾಲಿವುಡ್‌ನಿಂದ ಬಂದದ್ದು.) ಸದಾವರ್ತೆ ಹೆಚ್ಚಿನ ಹೊತ್ತು ಮಾಡುವುದು ಬೇರೆಯೇ ಕೆಲಸ. ಪಕ್ಕದಲ್ಲಿ ಟೈಪ್ ಮಾಡುವವರಿಗೆ ಅವರು ಹೇಳಿ ಬರೆಸುತ್ತಿರುತ್ತಾರೆ. ವಕೀಲರು ಕೇಳುತ್ತಾರೆ, ಸಾಕ್ಷಿ ಏನೋ ಹೇಳುತ್ತಾನೆ, ನ್ಯಾಯಾಧೀಶರು ಒಂದು ಗಳಿಗೆ ಸುಮ್ಮನಿದ್ದು ಅದನ್ನು ಕಡತದ ಭಾಷೆಯ ವಾಕ್ಯವನ್ನಾಗಿ ಮಾಡಿ ಟೈಪಿಗೆ ಕೊಡುತ್ತಾರೆ. ಮರಾಠಿ, ಹಿಂದಿ, ಇಂಗ್ಲಿಷ್ ಬೆರೆತ ಗಲಿಬಿಲಿ ಒಂದು ಕಡೆಯಿಂದ ಒಳಗೆ ಹೋಗಿ, ಇನ್ನೊಂದು ಕಡೆಯಿಂದ ಇಸ್ತ್ರಿ ಮಾಡಿದ ವಾಕ್ಯವಾಗಿ ಹೊರಗೆ ಬರುತ್ತದೆ.

ಇದು ತಮ್ಹಾಣೆಯವರ ಕಲ್ಪನೆಯಲ್ಲ, ಕಾನೂನೇ ಹಾಗಿದೆ. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಅಲ್ಲ, ನಿರೂಪಣೆಯ ರೂಪದಲ್ಲಿ ದಾಖಲಿಸಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಮು ಹೇಳುತ್ತಿತ್ತು. ಈಗ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಬೇಕೆನಿಸಿದರೆ ಪ್ರಶ್ನೆ-ಉತ್ತರವನ್ನು ಇದ್ದ ಹಾಗೇ ಬರೆಸುವ ವಿವೇಚನೆ ನ್ಯಾಯಾಧೀಶರಿಗಿದೆ. ಸಾಕ್ಷಿ ನುಡಿಯುವಾಗಿನ ಹಾವಭಾವ ಗಮನಾರ್ಹವೆನಿಸಿದರೆ ಅದನ್ನೂ ದಾಖಲಿಸಬಹುದು. ಅಂದರೆ ಕಟಕಟೆಯಲ್ಲಿ ನಿಂತವರು ಏನು ಹೇಳಿದರು ಎಂಬುದು ಮೇಲಿನ ಕೋರ್ಟುಗಳಿಗೆ ತಲುಪುವುದು ಈ ಒಬ್ಬ ಮನುಷ್ಯನ ವಾಕ್ಯರಚನೆಯ ಮೂಲಕ. ಹೈಕೋರ್ಟು ಆ ಸಾಕ್ಷಿಯ ಮುಖ ನೋಡುವುದಿಲ್ಲ.

ನಮ್ಮ ಕಡೆಯ ಕೋರ್ಟುಗಳ ಸಾಕ್ಷಿ ಹೇಳಿಕೆ ಓದಿದವರಿಗೆ ಆ ಕನ್ನಡದ ಪರಿಚಯವಿರುತ್ತದೆ. ಪಾಟಿ ಸವಾಲಿನ ಪ್ರತಿ ವಾಕ್ಯವೂ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂದು ಮುಗಿಯುತ್ತದೆ. ಕೊನೆಗೆ ‘ಓ.ಹೇ.ಕೇ. ಸರಿ ಇದೆ’. ಓದಿ, ಹೇಳಿ, ಕೇಳಿ. ಅದರ ಕೆಳಗೆ ಸಹಿ. ವರ್ಷಗಳ ಹಿಂದೆ ಒಂದು ಅಪಘಾತದ ಕೇಸಿನಲ್ಲಿ ನಾನೂ ಹಾಗೆ ಸಹಿ ಹಾಕಿದ್ದೇನೆ. ಲಾರಿಗೆ ದೀಪ ಹೊತ್ತಿಸಿತ್ತೋ ಇಲ್ಲವೋ ನಾನು ಗಮನಿಸಲಿಲ್ಲ ಎಂದು ಹೇಳಿದ್ದೆ. ಟೈಪಾಗಿ ಬಂದದ್ದು ‘ಲಾರಿಯ ದೀಪ ಉರಿಯುತ್ತಿದ್ದುದನ್ನು ನಾನು ನೋಡಿಲ್ಲ’ ಎಂದು. ಸುಳ್ಳೇನಲ್ಲ. ಆದರೆ ನನ್ನ ವಾಕ್ಯದಲ್ಲಿ ನನ್ನ ಅಜಾಗರೂಕತೆ ಇತ್ತು. ಈ ವಾಕ್ಯದಲ್ಲಿ ಅದು ಮಾಯವಾಗಿ ಲಾರಿಯವನ ತಪ್ಪಿನ ನೆರಳು ಬಿದ್ದಿತ್ತು. ಓದಿ ಹೇಳಿದರು, ಕೇಳಿಸಿಕೊಂಡೆ, ಹಿಂದೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಸರಿ ಇದೆ ಅಂದೆ. ಆ ಚಾಲಕನ ಗತಿ ಏನಾಯಿತೆಂದು ವಿಚಾರಿಸಲೂ ಇಲ್ಲ. ಸದಾವರ್ತೆ ಬರೆಸುವುದನ್ನು ನೋಡುವಾಗ ನನಗೆ ಅವರ ಮೇಲೆ ಸಿಟ್ಟು ಬರುವ ಮೊದಲು ಆ ಸಹಿ ನೆನಪಾಯಿತು.

ಇಂಥ ಕೆಲಸಕ್ಕೆ ಯಾರು ತಕ್ಕವರು? ಸದಾವರ್ತೆ ಪೀಠಕ್ಕೆ ಹೇಗೆ ಬಂದರೆಂದು ಸಿನಿಮಾ ಹೇಳುವುದಿಲ್ಲ. ಇರುವ ದಾರಿಗಳು ಕೆಲವೇ. ಸಂವಿಧಾನದ 233ನೇ ವಿಧಿಯಂತೆ ಏಳು ವರ್ಷ ವಕೀಲರಾಗಿದ್ದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬಹುದು. ಇಲ್ಲವೇ ಕಿರಿಯ ಸಿವಿಲ್ ನ್ಯಾಯಾಧೀಶರಾಗಿ ಸೇರಿ ಮೆಟ್ಟಿಲು ಹತ್ತಬೇಕು. ಆ ಮೊದಲ ಮೆಟ್ಟಿಲಿಗೆ ವಕೀಲಿಯ ಅನುಭವ ಬೇಕೋ ಬೇಡವೋ ಎಂಬ ಜಗ್ಗಾಟಕ್ಕೆ ಮೂವತ್ತು ವರ್ಷ ದಾಟಿದೆ. ಮೂರು ವರ್ಷ ಬೇಕು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗ ಆ ನಿಯಮ ಬೇಡವೆಂದಿತು: ಪ್ರತಿಭಾವಂತರು ಮೂರು ವರ್ಷ ಕಾಯುವುದಿಲ್ಲ, ಆಯ್ಕೆಯ ಮೇಲೆ ಒಳ್ಳೆಯ ತರಬೇತಿ ಕೊಟ್ಟರಾಯಿತು. 2002ರಲ್ಲಿ ಕೋರ್ಟ್ ಅದನ್ನು ಒಪ್ಪಿತು. 2025ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಮೂರು ವರ್ಷದ ನಿಯಮವನ್ನು ಮರಳಿ ತಂದಿತು. ಎರಡು ಕಡೆಯ ವಾದದಲ್ಲೂ ಹುರುಳಿದೆ. ನನ್ನ ಒಲವು ಮೂರು ವರ್ಷದ ಕಡೆಗೇ. ಸಾಕ್ಷಿ ಕಟಕಟೆಯ ಪಕ್ಕ ನಿಂತು, ತನ್ನ ಕಕ್ಷಿದಾರನ ಮಾತು ಕಡತದಲ್ಲಿ ಬೇರೆಯಾಗುವುದನ್ನು ಕಂಡು ಚಡಪಡಿಸಿದವರು ನಾಳೆ ಬರೆಸುವ ಕುರ್ಚಿಯಲ್ಲಿ ಕೂತಾಗ ಒಂದು ಗಳಿಗೆ ತಡೆಯಬಹುದು. ತಡೆಯದೆಯೂ ಇರಬಹುದು.

ನಮ್ಮ ರಾಜ್ಯದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಅನುವಾದದ ಪತ್ರಿಕೆ. ಸಾಕ್ಷಿ ಹೇಳಿಕೆ, ದಸ್ತಾವೇಜುಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ದೋಷಾರೋಪ ಬರೆಯುವ, ತೀರ್ಪು ಬರೆಯುವ ಪರೀಕ್ಷೆಯೂ ಇದೆ. ಸಾಹಿತ್ಯದ ಮಂದಿ ಅನುವಾದದ ಬಗ್ಗೆ ವಿಚಾರ ಸಂಕಿರಣ ಮಾಡುತ್ತಿರುವಾಗ ಸದ್ದಿಲ್ಲದೆ ಇಷ್ಟು ದೊಡ್ಡ ಅನುವಾದ ಕಾರ್ಯ ತಾಲ್ಲೂಕು ತಾಲ್ಲೂಕಿನಲ್ಲಿ ನಡೆಯುತ್ತಿದೆ.

ಈ ಅಳತೆಯಲ್ಲಿ ಸದಾವರ್ತೆ ಅನರ್ಹರೇನಲ್ಲ, ಸಿನಿಮಾದ ಕಠೋರತೆ ಇರುವುದೇ ಅಲ್ಲಿ. ಅವರು ದನಿ ಏರಿಸುವುದಿಲ್ಲ. ಇಬ್ಬರು ವಕೀಲರನ್ನೂ ಕೇಳಿಸಿಕೊಳ್ಳುತ್ತಾರೆ. ವಾಸುದೇವನ ಹೆಂಡತಿಯ ಸಾಕ್ಷ್ಯವಾದ ಮೇಲೆ ಕಾಂಬ್ಳೆಗೆ ಜಾಮೀನು ಕೊಡುತ್ತಾರೆ. ತೋಳಿಲ್ಲದ ರವಿಕೆ ತೊಟ್ಟು ಬಂದ ಹೆಂಗಸಿನ ಕೇಸನ್ನು ಕೇಳದೆ ಮುಂದೂಡುವಾಗಲೂ ಅವರ ಮುಖದಲ್ಲಿ ದುಷ್ಟತನವಿಲ್ಲ. ನಿಯಮ ಇದೆ, ಅಷ್ಟೆ. ಹೊರಬಂದ ಕಾಂಬ್ಳೆಯನ್ನು ಪೊಲೀಸರು ಯುಎಪಿಎ ಹಾಕಿ ಮತ್ತೆ ಹಿಡಿಯುತ್ತಾರೆ. ಆ ಕಾಯ್ದೆಯ 43ಡಿ ಕಲಮಿನಂತೆ, ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನು ಕೊಡುವಂತಿಲ್ಲ. ನಾಳೆಯಿಂದ ರಜೆ, ಹೈಕೋರ್ಟಿಗೆ ಹೋಗಿ ಅನ್ನುತ್ತಾರೆ ಸದಾವರ್ತೆ. ಮುದುಕನಿಗೆ ಕಾಯಿಲೆ ಎಂದು ವಕೀಲ ವಿನಯ್ ವೋರಾ ಹೇಳಿದರೂ ಅದೇ ಉತ್ತರ.

‘ಹೈಕೋರ್ಟಿಗೆ ಹೋಗಿ’ ಎಂಬ ಈ ಮಾತು ಹಗುರವಾಗಿ ಕೇಳಿಸುತ್ತದೆ. ಜಾರ್ಖಂಡ್‌ನ ಹಾಡುಗಾರ ಜಿತೇನ್ ಮರಾಂಡಿಗೆ ಗಿರಿಡೀಹ್‌ನ ನ್ಯಾಯಾಲಯ 2011ರ ಜೂನ್‌ನಲ್ಲಿ ಮರಣದಂಡನೆ ವಿಧಿಸಿತು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆತನನ್ನು ಖುಲಾಸೆ ಮಾಡಿತು. ವ್ಯವಸ್ಥೆ ತನ್ನನ್ನು ತಾನು ತಿದ್ದಿಕೊಂಡಿತು ಎಂದು ಬೇಕಾದರೆ ಹೇಳಬಹುದು. ನೇಣಿನ ನೆರಳಲ್ಲಿ ಕಳೆದ ಆ ತಿಂಗಳುಗಳನ್ನು ಮರಾಂಡಿಗೆ ಯಾರು ಹಿಂದಿರುಗಿಸಬೇಕು? ಸೆಷನ್ಸ್ ನ್ಯಾಯಾಧೀಶರು ವಿಧಿಸಿದ ಮರಣದಂಡನೆ ಹೈಕೋರ್ಟಿನ ದೃಢೀಕರಣವಿಲ್ಲದೆ ಜಾರಿಯಾಗುವುದಿಲ್ಲ, ಆ ಕಾವಲು ಒಳ್ಳೆಯದೇ. ಆದರೆ ಮೇಲೊಬ್ಬರು ಕಾಯುತ್ತಾರೆ ಎಂಬ ನಂಬಿಕೆಯೇ ಕೆಳಗಿನವರನ್ನು ನಿದ್ದೆಗೆ ಜಾರಿಸುವುದೂ ಉಂಟು. ಮುಂಬಡ್ತಿ, ವರ್ಗಾವಣೆ, ಗೋಪ್ಯ ವರದಿ ಎಲ್ಲವೂ ಹೈಕೋರ್ಟಿನ ಕೈಯಲ್ಲಿರುವಾಗ, ಎಡವಟ್ಟಿನ ಕೇಸನ್ನು ಮೇಲಕ್ಕೆ ಸಾಗಹಾಕುವುದು ಜಾಣತನವೂ ಆಗುತ್ತದೆ.

ಈ ಕಾರಣಕ್ಕೇ ಕೊನೆಯ ದೃಶ್ಯದ ಬಗ್ಗೆ ನನಗೆ ತಕರಾರಿದೆ. ಕೋರ್ಟಿನ ದೀಪಗಳು ಒಂದೊಂದಾಗಿ ಆರಿ, ಖಾಲಿ ಕೋಣೆಯ ಕತ್ತಲು ಪರದೆಯ ಮೇಲೆ ಉಳಿಯುವಾಗ ಸಿನಿಮಾ ಮುಗಿಯಿತು ಅನ್ನಿಸುತ್ತದೆ. ಅದು ಭಯ ಹುಟ್ಟಿಸುವ ಕತ್ತಲು. ಆಮೇಲೆ ಬರುವ ರೆಸಾರ್ಟಿನಲ್ಲಿ ಸದಾವರ್ತೆ, ಮಾತು ಬಾರದ ಮಗುವಿನ ತಂದೆಗೆ ಸಂಖ್ಯಾಶಾಸ್ತ್ರದ, ಉಂಗುರದ ಹರಳಿನ ಸಲಹೆ ಕೊಡುತ್ತಾರೆ. ನಾವು ನಗುತ್ತೇವೆ. ಇಷ್ಟು ಹೊತ್ತು ಯಾರ ಮೇಲೂ ತೀರ್ಪು ಕೊಡದೆ ದೂರ ನಿಂತಿದ್ದ ಕ್ಯಾಮೆರಾ ಇಲ್ಲಿ ನಮಗೊಬ್ಬ ಅಪರಾಧಿಯನ್ನು ಒಪ್ಪಿಸಿಬಿಡುತ್ತದೆ. ಮೂಢನಂಬಿಕೆಯವನು, ಮಕ್ಕಳಿಗೆ ಹೊಡೆಯುವವನು, ಹಾಗಾಗಿ ಕೆಟ್ಟ ನ್ಯಾಯಾಧೀಶ. ಹರಳು ತೊಡದ, ಮಕ್ಕಳನ್ನು ಮುದ್ದಿಸುವ ನ್ಯಾಯಾಧೀಶರಿದ್ದರೂ ಕಾಂಬ್ಳೆ ಆ ರಜೆಯನ್ನು ಜೈಲಿನಲ್ಲೇ ಕಳೆಯುತ್ತಿದ್ದ. ಇದನ್ನು ಮಿಕ್ಕ ಸಿನಿಮಾವೇ ನಮಗೆ ಕಲಿಸಿದೆ. ಸರ್ಕಾರಿ ವಕೀಲೆ ನೂತನ್ (ಗೀತಾಂಜಲಿ ಕುಲಕರ್ಣಿ) ಮಗನನ್ನು ಕರೆತಂದು ಅಡುಗೆ ಮಾಡಿ ಬಡಿಸುವ ದೃಶ್ಯಗಳಲ್ಲಿ ಈ ಆತುರವಿಲ್ಲ. ಆಕೆಯ ಮನೆ ಆಕೆಯ ವೃತ್ತಿಗೆ ಪುರಾವೆಯಾಗುವುದಿಲ್ಲ.

ಕಾಂಬ್ಳೆಯಾಗಿ ನಟಿಸಿದ ವೀರಾ ಸಾಥಿದಾರ್ ವೃತ್ತಿನಟರಲ್ಲ, ನಾಗಪುರದ ಹೋರಾಟಗಾರರು. 2021ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರ ದನಿ ಕೇಳಲೆಂದೇ ಈ ಸಿನಿಮಾಕ್ಕೆ ಮರಳುವವರಿದ್ದಾರೆ.

ನಾನು ಮರಳುವುದು ವಾಸುದೇವನ ಹೆಂಡತಿ ಶರ್ಮಿಳಾಳ ಸಾಕ್ಷ್ಯಕ್ಕೆ. ಗಂಡ ಕುಡಿಯುತ್ತಿದ್ದ, ನಾತ ತಡೆಯಲು ಕುಡಿಯಬೇಕಿತ್ತು ಅನ್ನುತ್ತಾಳೆ. ಮ್ಯಾನ್‌ಹೋಲಿಗೆ ಇಳಿಯುವ ಮೊದಲು ಕಲ್ಲು ಎಸೆದು ನೋಡುತ್ತಿದ್ದನಂತೆ. ಜಿರಳೆ ಹೊರಬಂದರೆ ಒಳಗೆ ಉಸಿರಾಡಲು ಗಾಳಿ ಇದೆ ಎಂದು ಲೆಕ್ಕ. ಅವಳ ದನಿಯಲ್ಲಿ ಏರಿಳಿತವಿಲ್ಲ, ದಿನವೂ ಹೇಳುವ ಮಾತಿನಂತೆ ಹೇಳುತ್ತಾಳೆ. ಎರಡನೇ ಸಲ ನೋಡುವಾಗ ನಾನು ಅವಳನ್ನು ಬಿಟ್ಟು ಸದಾವರ್ತೆಯ ಬಾಯನ್ನೇ ನೋಡುತ್ತಿದ್ದೆ, ಜಿರಳೆಯನ್ನು ಅವರು ಹೇಗೆ ಬರೆಸುತ್ತಾರೆ ಎಂದು.